ಅಪ್‌ಡೇಟ್: ಟೋಕಿಯೊದಲ್ಲಿ ದಿನಸಿ ಎಲ್ಲಿ ಕೊಳ್ಳೋದು?

ಇಬ್ಬರ ಅಡುಗೆಗೆ ಟೋಕಿಯೊದಲ್ಲಿ ದಿನಸಿ ಎಲ್ಲಿ ಅಗ್ಗ ಅಂತ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ನಿಂತದ್ದು ಇಷ್ಟು. ಫ್ರೋಜನ್ ತರಕಾರಿ, ದೊಡ್ಡ ಪ್ಯಾಕುಗಳಿಗೆ ಗ್ಯೊಮು ಸೂಪರ್ ಅನ್ನೋ ಅಗ್ಗದ ಸೂಪರ್‌ಮಾರ್ಕೆಟ್ ಸರಣಿ. ತೊಗರಿಬೇಳೆ, ಸೋನಾ ಮಸೂರಿಗೆ ಶಿನ್-ಒಕುಬೊ ಅಥವಾ ನಿಶಿ-ಕಸಾಯಿ ಬಡಾವಣೆಗಳಲ್ಲಿ ಭಾರತದ ದಿನಸಿ ಮಾರುವ ಅಂಗಡಿಗಳು. ಜಪಾನಿನ ಅಕ್ಕಿ ಅಂಟಂಟು, ಚಿತ್ರಾನ್ನ ಮುದ್ದೆಯಾಗುತ್ತೆ.

ಬೆಲೆ ಚೀಟಿಯಲ್ಲಿ ದಪ್ಪಗಿರೋದು ಹಲವು ಕಡೆ ತೆರಿಗೆ ಬಿಟ್ಟ ಬೆಲೆ. ಆಹಾರಕ್ಕೆ 8% ಸೇರಿದ ಬೆಲೆ ಪಕ್ಕದಲ್ಲಿ ಸಣ್ಣಗಿರುತ್ತೆ, ಅದನ್ನೇ ಹೋಲಿಸಿ. ಮೊಸರು ಹೆಪ್ಪು ಹಾಕಲು ಡಬ್ಬಿ ಮೇಲೆ ‘ಗ್ಯೂನ್ಯೂ’ ಅಂತಿರುವ ಹಾಲೇ ಬೇಕು. ‘ನ್ಯೂಇನ್‌ರ್ಯೊ’ ಅಂದರೆ ಬೇರೇನೋ ಬೆರೆಸಿದ ಪಾನೀಯ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ‘ಹಂಗಾಕು’, ಅಂದರೆ ಅರ್ಧ ಬೆಲೆಯ ಚೀಟಿ ಬೀಳುತ್ತೆ, ಆದರೆ ಹೆಚ್ಚಾಗಿ ಮೀನು, ಮಾಂಸ, ಸಿದ್ಧ ತಿಂಡಿಗೆ. ಸಸ್ಯಾಹಾರಿಗಳಿಗೆ ಅದರಲ್ಲಿ ಲಾಭ ಕಮ್ಮಿ. ಚೀಲ ಮನೆಯಿಂದಲೇ ಒಯ್ಯಿರಿ.