1966ರ ಎಂಜಿಬಿ: ಇಪ್ಪತ್ತು ನಿಮಿಷ ಓಡಿ ನಿಂತುಬಿಡುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ (ಪರಿಹಾರ ಸಿಕ್ಕಿತು)

ರೋಡ್‌ಸ್ಟರ್ ರೋಗಿ:
ಎಲ್ಲರಿಗೂ ನಮಸ್ಕಾರ. ನಾನಿರೋದು ಬರ್ಮಿಂಗ್‌ಹ್ಯಾಮ್ ಹತ್ತಿರ. ಗಾಡಿ 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಓಪನ್ ಸ್ಪೋರ್ಟ್ಸ್ ಕಾರು), 1798 ಸಿಸಿ, ಜೋಡಿ ಎಸ್‌ಯು ಕಂಪನಿಯ ಎಚ್‌ಎಸ್4 ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ). ಮೂರು ಚಳಿಗಾಲ ಕೂತು ಕೆಲಸ ಮಾಡಿದ್ದೇನೆ. ಎರಡೂ ಕಡೆ ಬಾಗಿಲ ಕೆಳಗಿನ ಸಿಲ್ ತುಕ್ಕು ತಿಂದು ಹಪ್ಪಳ ಆಗಿತ್ತು, ಹೊಸದು ವೆಲ್ಡ್ ಮಾಡಿಸಿದೆ. ಈ ಬೇಸಿಗೆಗೆ ರಸ್ತೆಗೆ ಇಳಿಸಿದೆ.

ಜಾಸ್ತಿ ಬದಲಾವಣೆ ಮಾಡಿಲ್ಲ. ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದ್ದು) ಇದ್ದದ್ದನ್ನು ನೆಗೆಟಿವ್ ಮಾಡಿಕೊಂಡೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ಸ್ (ಕಾಯಿಲ್ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದೆ. ಇನ್ನು ಸ್ಪಿನ್-ಆನ್ ಆಯಿಲ್ ಫಿಲ್ಟರ್, ಬೀಗದ ಪೆಟ್ರೋಲ್ ಮುಚ್ಚಳ, ಮರದ ಸ್ಟೀರಿಂಗ್, ಹೀಗೆ ಚಿಲ್ಲರೆ ಕೆಲಸ.

ತೊಂದರೆ ಏನಪ್ಪಾ ಅಂದ್ರೆ, ಇಪ್ಪತ್ತು ನಿಮಿಷ ಚಿನ್ನದ ಹಾಗೆ ಓಡುತ್ತದೆ. ಆಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಬಾನೆಟ್ ಎತ್ತಿ ಕಾಲು ಗಂಟೆ ಕಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಇಲ್ಲಿನ ಒಬ್ಬ ಗ್ಯಾರೇಜಿನವರು ವೇಪರ್ ಲಾಕ್ (ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿ ಆಗಿ ಕಟ್ಟಿಕೊಳ್ಳೋದು) ಅಂದರು, ಮಿಕ್ಸ್ಚರ್ ರಿಚ್ ಮಾಡಿ, ಅಂದ್ರೆ ಪೆಟ್ರೋಲ್ ಪಾಲು ಜಾಸ್ತಿ ಮಾಡಿ ಕಳಿಸಿದರು. ಈಗ ನಿಲ್ಲೋದೂ ನಿಲ್ಲುತ್ತದೆ, ಹೊಗೆಯೂ ಬರುತ್ತದೆ.

ಅರ್ಥ್ ಬದಲಾಯಿಸಿದ ಮೇಲೆ ಟ್ಯಾಕೋಮೀಟರ್ (ಎಂಜಿನ್ ಸುತ್ತು ತೋರಿಸುವ ಮೀಟರ್) ಸತ್ತಿದೆ. ಅದನ್ನು ಆಮೇಲೆ ನೋಡಿಕೊಳ್ತೇನೆ.

ಪಾಯಿಂಟ್ಸ್ ಪಕ್ಷ:
ಮಾಡ್ಯೂಲ್ ಕಿತ್ತು ಬಿಸಾಕಿ, ಪಾಯಿಂಟ್ಸ್ ವಾಪಸ್ ಹಾಕಿ. ಬಿಸಿಯಾದಾಗ ನಿಂತು ತಣ್ಣಗಾದಾಗ ಏಳೋದು ಎಲೆಕ್ಟ್ರಾನಿಕ್ಸ್ ಚಾಳಿ. 15 ತೌ (ಇಂಚಿನ ಸಾವಿರದಲ್ಲಿ 15 ಭಾಗ) ಗ್ಯಾಪ್ ಇಟ್ಟರೆ ಮುಗೀತು. ದಾರಿಯಲ್ಲಿ ಕೆಟ್ಟರೂ ಒಂದು ಚೂರು ಮರಳು ಕಾಗದ ಸಾಕು.

ಸ್ಪ್ಯಾನರ್ ಮಾವ:
ಪಕ್ಷದವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ನೋಡದೇ ಯಾಕೆ ಕೀಳೋದು? ಮೊದಲು ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಎರಡು ತುದಿಗೆ ಮೀಟರ್ ಹಿಡಿಯಿರಿ. 3 ಓಮ್ ಹತ್ತಿರ ತೋರಿಸಬೇಕು. 1.5 ತೋರಿಸಿದರೆ ಅದು ಬ್ಯಾಲಾಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇರುವ ಗಾಡಿಯ ಕಾಯಿಲ್. ನಿಮ್ಮ ಗಾಡಿಯಲ್ಲಿ ಬ್ಯಾಲಾಸ್ಟ್ ಇಲ್ಲ, ಹಾಗಾಗಿ ಮಾಡ್ಯೂಲ್ ಬೇಯುತ್ತದೆ.

ವೇಪರ್ ಲಾಕ್ ನಾನು ಒಪ್ಪಲ್ಲ. ನಮ್ಮ ಮೈಸೂರಲ್ಲಿ ಏಪ್ರಿಲ್ ಬಿಸಿಲಲ್ಲಾದರೆ ಯೋಚನೆ ಮಾಡುತ್ತಿದ್ದೆ. ಎಂಜಿಬಿಯಲ್ಲಿ ಪಂಪ್ ಹಿಂದೆ ಇದೆ, ಪೆಟ್ರೋಲನ್ನು ಅಲ್ಲಿಂದ ತಳ್ಳುತ್ತದೆ. ಒತ್ತಡ ಇರುವ ಪೈಪಿನಲ್ಲಿ ಆವಿ ಕಟ್ಟೋದು ಅಷ್ಟು ಸುಲಭವಲ್ಲ, ಅದೂ ನಿಮ್ಮ ಊರಿನ ಬೇಸಿಗೆಗೆ.

ಈಗ ಮುಖ್ಯ ಮಾತು. ಟ್ಯಾಕೋ ಆಮೇಲೆ ಅಂದ್ರಲ್ಲ, ಅದನ್ನೇ ಮೊದಲು ಮಾಡಿ. ಡಯಲ್ ಮೇಲೆ ಆರ್‌ವಿಐ ಅಂತ ಇದೆಯಲ್ವಾ? ಅದು ಕಾಯಿಲ್‌ಗೆ ಹೋಗುವ ಕರೆಂಟ್ ನೋಡಿ ಎಣಿಸುವ ಮೀಟರ್. ಸ್ವಿಚ್‌ನಿಂದ ಕಾಯಿಲ್‌ಗೆ ಹೋಗುವ ಬಿಳಿ ವೈರ್ ಮೀಟರಿನ ಬೆನ್ನಿನಲ್ಲಿ ಸುತ್ತು ಹಾಕಿಕೊಂಡೇ ಹೋಗುತ್ತದೆ. ಧ್ರುವ ಉಲ್ಟಾ ಆದರೆ ಅದಕ್ಕೆ ಕಣ್ಣು ಕಾಣಲ್ಲ. ಬಿಚ್ಚಿ, ಒಳಗೆ ಸಪ್ಲೈ ಮತ್ತು ಅರ್ಥ್ ಅದಲು ಬದಲು ಮಾಡಿ. ಹೊರಗಿನ ಬಿಳಿ ಸುತ್ತನ್ನೂ ತಿರುಗಿಸಿ.

ಆಮೇಲೆ ಓಡಿಸಿ. ಎಂಜಿನ್ ಸಾಯುವಾಗ ಕ್ಲಚ್ ಒತ್ತಬೇಡಿ, ಗೇರಿನಲ್ಲೇ ಉರುಳಲಿ. ಹಿಂದೆ ಗಾಡಿ ಇಲ್ಲದ ಜಾಗ ನೋಡಿಕೊಳ್ಳಿ. ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ ಕಾಯಿಲ್, ಮಾಡ್ಯೂಲ್, ಇಲ್ಲವೇ ವೈರ್. ಚಕ್ರದ ಜೊತೆಗೇ ನಿಧಾನ ಇಳಿದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತಿದೆ ಅಂತ ಅರ್ಥ. ಆಗ ಪೆಟ್ರೋಲ್, ಅಥವಾ ಕಾಯಿಲ್ ದಾಟಿ ಆಚೆಗಿನ, ಡಿಸ್ಟ್ರಿಬ್ಯೂಟರಿನ ರೋಟರ್ ಆರ್ಮ್, ಕ್ಯಾಪ್.

ರೋಡ್‌ಸ್ಟರ್ ರೋಗಿ:
ಮಾವ, ಕಾಯಿಲ್ 3.1 ಓಮ್.

ಟ್ಯಾಕೋ ಬಿಚ್ಚೋಕೆ ಎರಡು ಸಂಜೆ ಹಿಡಿಯಿತು. ಮುಂದಿನ ಕ್ರೋಮ್ ಬಳೆ ಅರವತ್ತು ವರ್ಷದಿಂದ ಅಲ್ಲಾಡಿಲ್ಲ. ಅದರ ಕೆಳಗಿನ ರಬ್ಬರ್ ಉಂಗುರ ಡಾಂಬರಿನ ಹಾಗೆ ಅಂಟಿತ್ತು. ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಬೆಣ್ಣೆ ಸವರುವ ಚಾಕು ತೂರಿಸಿ ಸುತ್ತಲೂ ಒಂದೊಂದೇ ಕೂದಲೆಳೆ ಎಬ್ಬಿಸಿದೆ. ಒಳಗೆ ಬೆಸುಗೆ ಕೆಲಸ ಹತ್ತು ನಿಮಿಷದ್ದು. ಕೂರಿಸಿ ಕೀ ತಿರುಗಿಸಿದರೆ ಮುಳ್ಳು ಎದ್ದು 900ಕ್ಕೆ ನಿಂತಿತು. ಖುಷಿಗೆ ಸುಮ್ನೆ ಐದು ನಿಮಿಷ ನೋಡುತ್ತಾ ಕೂತಿದ್ದೆ.

ಇವತ್ತು ಓಡಿಸಿದೆ. ಹದಿನೆಂಟನೇ ನಿಮಿಷಕ್ಕೆ ನಿಂತಿತು. ಮುಳ್ಳು ಬೀಳಲಿಲ್ಲ, ಚಕ್ರದ ಜೊತೆಗೇ ಇಳಿಯಿತು. ರೋಟರ್ ಆರ್ಮ್ ಬೇರೆ ಹಾಕಿ ನೋಡಿದೆ, ಅದೇ ಕಥೆ. ಒಂದು ವಿಚಿತ್ರ: ಫುಲ್ ಟ್ಯಾಂಕ್ ಮಾಡಿಸಿದ ದಿನ ಬೇಗ ನಿಲ್ಲುತ್ತದೆ. ಅರ್ಧ ಟ್ಯಾಂಕ್ ಇದ್ದಾಗ ಒಮ್ಮೆ ಮುಕ್ಕಾಲು ಗಂಟೆ ಓಡಿತ್ತು.

ಪಾಯಿಂಟ್ಸ್ ಪಕ್ಷ:
ಸರಿ, ಮಾಡ್ಯೂಲ್ ಮೇಲಿನ ಕೇಸ್ ವಾಪಸ್ ತಗೊಂಡೆ.

ಸ್ಪ್ಯಾನರ್ ಮಾವ:
ಆ ವಿಚಿತ್ರವನ್ನು ಮೊದಲೇ ಹೇಳಬಾರದಿತ್ತೇನ್ರೀ! ಮುಂದಿನ ಸಲ ನಿಂತಾಗ ಬಾನೆಟ್ ಮುಟ್ಟಬೇಡಿ. ಕೀ ಆನ್ ಇಟ್ಟು ಬಲಗಡೆ ಸೀಟಿನ ಹಿಂದೆ ಕಿವಿ ಕೊಡಿ. ಅಲ್ಲೇ ಕೆಳಗೆ ಎಸ್‌ಯು ಪಂಪ್ ಇರೋದು. ಚಟಚಟ ಅಂತ ಬಿಡದೇ ಬಡಿಯುತ್ತಿದ್ದರೆ ಗಾಳಿ ಎಳೆಯುತ್ತಿದೆ. ಸುಮ್ಮನಿದ್ದರೆ ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತೆಗೆಯಿರಿ, ಕಿವಿ ಮಾತ್ರ ತೆರೆದಿರಲಿ.

ರೋಡ್‌ಸ್ಟರ್ ರೋಗಿ:
ಮಾವ!! ಪಂಪ್ ಸುಮ್ಮನಿತ್ತು. ಮುಚ್ಚಳ ತಿರುಗಿಸಿದ್ದೇ ತಡ, "ಉಸ್ಸ್" ಅಂತ ಗಾಳಿ ಒಳಗೆ ಎಳೆದುಕೊಂಡಿತು. ಅದೇ ಕ್ಷಣ ಸೀಟಿನ ಹಿಂದೆ ಟಕ್ ಟಕ್ ಟಕ್, ಏಳೆಂಟು ಸಲ ಬಡಿದು ನಿಧಾನ ಆಯಿತು. ಕೂತು ಕೀ ತಿರುಗಿಸಿದೆ, ಅರ್ಧ ಸೆಕೆಂಡಿಗೆ ಸ್ಟಾರ್ಟ್. ಬಾನೆಟ್ ಎತ್ತಲೇ ಇಲ್ಲ.

ಸ್ಪ್ಯಾನರ್ ಮಾವ:
ನಿಮ್ಮ ಬೀಗದ ಮುಚ್ಚಳಕ್ಕೆ ಗಾಳಿಕಂಡಿ ಇಲ್ಲ. ಈ ಕಾಲದ ಎಂಜಿಬಿ ಟ್ಯಾಂಕ್ ಉಸಿರಾಡೋದೇ ಮುಚ್ಚಳದ ಮೂಲಕ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕ್ ಒಳಗೆ ಒತ್ತಡ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಗೆ ಪಂಪಿಗೆ ಎಳೆಯೋಕೆ ಆಗಲ್ಲ, ಅರ್ಧಕ್ಕೇ ಸಿಕ್ಕಿಕೊಂಡು ಸುಮ್ಮನಾಗುತ್ತದೆ. ಫುಲ್ ಟ್ಯಾಂಕಿನಲ್ಲಿ ಮೇಲೆ ಗಾಳಿ ಜಾಗ ಕಡಿಮೆ, ಎರಡು ಲೀಟರ್ ಹೋದರೂ ಹಿಗ್ಗಲು ಆಸ್ಪದ ಇಲ್ಲ. ಅದಕ್ಕೇ ಬೇಗ ನಿಲ್ಲೋದು. ನೀವು ಕಾಲು ಗಂಟೆ ಕಾದಾಗ ತಣ್ಣಗಾಗಿ ಸರಿಹೋಗುತ್ತಿರಲಿಲ್ಲ. ಸೀಲಿನ ಸಂದಿಯಿಂದ ಗಾಳಿ ನಿಧಾನ ಒಳಗೆ ನುಸುಳುತ್ತಿತ್ತು, ಅಷ್ಟೇ. ನನ್ನ ಮಾರಿಸ್ ಮೈನರ್ ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ಇದೇ ಆಟ ಆಡಿತ್ತು. ಅವತ್ತು ನಾನೂ ಕಾರ್ಬುರೇಟರ್ ಮೇಲೆ ಒದ್ದೆ ಬಟ್ಟೆ ಹಾಕಿ ಪೆದ್ದನ ಹಾಗೆ ಕೂತಿದ್ದೆ.

ಹಳೇ ಮುಚ್ಚಳ ಇದ್ದರೆ ಅದನ್ನೇ ಹಾಕಿ. ಇಲ್ಲವಾದರೆ ಗಾಳಿಕಂಡಿ ಇರುವ ಬೀಗದ ಮುಚ್ಚಳ ಕೇಳಿ ತಗೊಳ್ಳಿ. ಡ್ರಿಲ್ ಹಿಡಿದು ತೂತು ಕೊರೆಯಬೇಡಿ, ತಿರುವಿನಲ್ಲಿ ಪೆಟ್ರೋಲ್ ಚೆಲ್ಲಿ ಹೊಸ ಪೇಂಟ್ ಹಾಳಾಗುತ್ತದೆ.

ಇನ್ನು ಗ್ಯಾರೇಜಿನವರು ಕೆಡಿಸಿದ ಮಿಕ್ಸ್ಚರ್. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಕಾರ್ಬುರೇಟರ್ ಪಕ್ಕದ ಪುಟ್ಟ ಪಿನ್ ಒತ್ತಿ ಪಿಸ್ಟನ್ ಸುಮಾರು 0.8 ಮಿಮೀ ಎತ್ತಿ. ವೇಗ ಏರಿ ಹಾಗೇ ನಿಂತರೆ ರಿಚ್. ಎಂಜಿನ್ ಸೊರಗಿದರೆ ಲೀನ್ (ಪೆಟ್ರೋಲ್ ಕಡಿಮೆ). ಚೂರು ಏರಿ ವಾಪಸ್ ಬಂದರೆ ಸರಿ. ರಿಚ್ ಇದ್ದರೆ ತಳದ ಜೆಟ್ ನಟ್ ಮೇಲಕ್ಕೆ ತಿರುಗಿಸಿ, ಒಂದು ಸಲಕ್ಕೆ ನಟ್ಟಿನ ಒಂದೇ ಮುಖ. ಎರಡೂ ಕಾರ್ಬುರೇಟರ್‌ಗೆ ಸಮ ಇರಲಿ. ಕಾರ್ಬುರೇಟರ್ ತಲೆಯ ಮೇಲಿನ ಡ್ಯಾಶ್‌ಪಾಟ್‌ನಲ್ಲಿ ಎಣ್ಣೆ ಇದೆಯಾ ಅಂತಲೂ ನೋಡಿ.

ರೋಡ್‌ಸ್ಟರ್ ರೋಗಿ:
ಹಳೇ ಮುಚ್ಚಳ ಶೆಡ್ಡಿನ ಬಿಸ್ಕತ್ ಡಬ್ಬಿಯಲ್ಲೇ ಇತ್ತು, ಕ್ರೋಮ್ ಅರ್ಧ ಹೋಗಿದೆ. ಹಾಕಿದೆ. ಜೆಟ್ ನಟ್ ಎರಡೂ ಕಡೆ ಮೂರು ಮುಖ ಮೇಲಕ್ಕೆ ಬಂತು. ಹಿಂದಿನ ಕಾರ್ಬುರೇಟರ್‌ನ ಡ್ಯಾಶ್‌ಪಾಟ್ ಒಣಗಿತ್ತು, 20 ಗ್ರೇಡ್ ಎಣ್ಣೆ ಬಿಟ್ಟೆ. ಭಾನುವಾರ ಫುಲ್ ಟ್ಯಾಂಕ್ ಹಾಕಿಸಿ ಅಬಿಂಗ್ಡನ್‌ವರೆಗೆ ಹೋಗಿ ಬಂದೆ, ಈ ಗಾಡಿ ತಯಾರಾದ ಊರು. ಎಲ್ಲೂ ನಿಲ್ಲಲಿಲ್ಲ. ಪ್ಲಗ್ ಬಿಚ್ಚಿ ನೋಡಿದೆ, ಮಸಿ ಹೋಗಿ ತೆಳು ಕಂದು ಬಣ್ಣಕ್ಕೆ ಬಂದಿದೆ.

ಬೀಗದ ಮುಚ್ಚಳ ಮೇಜಿನ ಮೇಲೆ ಪೇಪರ್ ವೇಟ್ ಆಗಿದೆ. ಕೀ ಎಲ್ಲಿಟ್ಟೆನೋ ಗೊತ್ತಿಲ್ಲ.