ಐದು ನಿಮಿಷ ದೇವರ ಮುಂದೆ ಸುಮ್ನೆ ಕೂರೋದು ಹೇಗೆ?

ಕೇಳಿದವರು: ಬೆಳಿಗ್ಗೆ 5ಕ್ಕೆ ಎದ್ದರೂ ತಿಂಡಿ, ಡಬ್ಬಿ, ಸ್ಕೂಲ್ ವ್ಯಾನ್, ಆಫೀಸ್. ರಾತ್ರಿ ಸತ್ಯವೇದ (ಬೈಬಲ್) ತೆರೆದರೆ ತೂಕಡಿಕೆ. ಭಾನುವಾರದ ಆರಾಧನೆ ಬಿಟ್ಟರೆ ದೇವರ ಮುಂದೆ ಸುಮ್ಮನೆ ಕೂತು ತಿಂಗಳುಗಳಾದವು. ನೀವೆಲ್ಲ ಹೇಗೆ ಸಮಯ ಮಾಡಿಕೊಳ್ಳುತ್ತೀರಿ?

ಮೈಸೂರಿನವರು: ಅಕ್ಕ, ನನ್ನದೂ ಇದೇ ಪಾಡಾಗಿತ್ತು. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರು ಅಂತ ಮಾರ್ಕ 1:35ರಲ್ಲಿ ಇದೆಯಲ್ಲ, ಅದನ್ನು ಓದಿ ನಾನೂ 4ಕ್ಕೆ ಅಲಾರಾಂ ಇಟ್ಟೆ. ಮೂರು ದಿನ ನಡೆಯಿತು. ನಾಲ್ಕನೇ ದಿನ ಮೊಣಕಾಲೂರಿದವಳು ಹಾಗೇ ಮಂಚಕ್ಕೆ ತಲೆಯಿಟ್ಟು ನಿದ್ದೆ ಹೋದೆ. ಹಾಲಿನವನು ಬೆಲ್ ಮಾಡಿದಾಗಲೇ ಎಚ್ಚರ!

ಆಮೇಲೆ ನಮ್ಮಜ್ಜಿ ನೆನಪಾದರು. ಹನ್ನೊಂದು ಜನರ ಮನೆ, ಒಂದು ಕೋಣೆಯೂ ಖಾಲಿ ಇರುತ್ತಿರಲಿಲ್ಲ. ಒಲೆ ಮುಂದೆಯೇ ತಲೆ ಮೇಲೆ ಸೆರಗು ಎಳೆದುಕೊಂಡು ಕೂರುತ್ತಿದ್ದರು. ಆಗ ಮಾತಾಡಿಸಬಾರದು ಅಂತ ನಮಗೆಲ್ಲ ಗೊತ್ತಿತ್ತು. ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯವರ ತಾಯಿ ಸುಸಾನಾ ಕೂಡ ಹೀಗೇ ಏಪ್ರನ್ ತಲೆಗೆ ಹಾಕಿಕೊಂಡು ಪ್ರಾರ್ಥಿಸುತ್ತಿದ್ದರಂತೆ. ಅವರು ಹೆತ್ತದ್ದು 19 ಮಕ್ಕಳನ್ನು, ನಮ್ಮದು ಎರಡೇ ಅಲ್ವಾ? ಈಗ ಇಡ್ಲಿ ಬೇಯುವ ಹತ್ತು ನಿಮಿಷ ನಾನು ದುಪಟ್ಟಾ ಒಳಗೆ. ಮೊದಲ ವಾರ ಮಕ್ಕಳು ಎಳೆದೆಳೆದು ನಗುತ್ತಿದ್ದವು. ಈಗ "ಅಮ್ಮ ಒಳಗಿದ್ದಾಳೆ" ಅಂತ ಪಿಸುಗುಟ್ಟುತ್ತವೆ.

ಬೆಂಗಳೂರಿನವರು: ನಾನು ಕ್ಯಾಥೊಲಿಕ್. ಮನೆಯಲ್ಲಿ ನನಗಂತೂ ಆಗಲ್ಲ. ಆಫೀಸ್ ಶಿವಾಜಿನಗರದ ಹತ್ತಿರ. ವಾರಕ್ಕೆ ಎರಡು ಸಲ ಊಟದ ಬಿಡುವಿನಲ್ಲಿ ಸಂತ ಮೇರಿ ಬೆಸಿಲಿಕಾಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಏನೂ ಕೇಳಿಕೊಳ್ಳುವುದಿಲ್ಲ. ಉಳಿದ ದಿನ ಬಸ್ಸಿನಲ್ಲಿ ಜಪಸರ, ಜೇಬಿನೊಳಗೇ. ಪೂರ್ತಿ ಮುಗಿಯದಿದ್ದರೂ ಹತ್ತು ಮಣಿಯಾದರೂ ಆಗುತ್ತದೆ.

ನರ್ಸ್ ಒಬ್ಬರು: ಒಲೆ, ಬಸ್ಸು ಎಲ್ಲ ಸರಿ. ನಾನೂ ರಾತ್ರಿ ಪಾಳಿಯಲ್ಲಿ ಕೈ ತೊಳೆಯುವಾಗೆಲ್ಲ ಒಂದೊಂದು ಬೆಡ್ ನೆನೆದು "ಕರ್ತನೇ, ಕರುಣಿಸು" ಅನ್ನುತ್ತೇನೆ. ಆದರೆ ಅವರು ಕೇಳಿದ್ದು ಸುಮ್ಮನೆ ಕೂರುವುದನ್ನು. ಅದಕ್ಕೆ ಮೊದಲು ಫೋನ್ ಬೇರೆ ಕೋಣೆಗೆ ಹೋಗಬೇಕು. ಸತ್ಯವೇದದ ಆ್ಯಪ್ ಅಂತ ತೆಗೆದು, ವಾಟ್ಸಾಪ್‌ನಲ್ಲಿ ಅರ್ಧ ಗಂಟೆ ಕಳೆದವಳು ನಾನು. ಪಕ್ಕದಲ್ಲಿ ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ. "ಗ್ಯಾಸ್ ಬುಕ್ ಮಾಡಬೇಕು" ಅಂತ ತಲೆಗೆ ಬಂದರೆ ಬರೆದು ಪಕ್ಕಕ್ಕಿಡಿ. ನನ್ನ ಚೀಟಿ ಕೆಲವು ದಿನ ಪೂರ್ತಿ ತುಂಬಿರುತ್ತದೆ, ಇರಲಿ.

ಕೇಳಿದವರು: ಇವತ್ತು ಫೋನ್ ಹೊರಗಿಟ್ಟು, ಕುಕ್ಕರ್ ಮೂರು ಸಲ ಕೂಗುವವರೆಗೆ ಅಂತ ಕೂತೆ. ಎರಡನೇ ಕೂಗಿಗೆ ಕೊರಿಯರ್‌ನವರು ಬಂದರು. ಚೀಟಿಯಲ್ಲಿ ನಾಲ್ಕು ಸಾಲು. ನಾಳೆ ಮತ್ತೆ ನೋಡುತ್ತೇನೆ.