ರಿಗ್ ಮ್ಯಾಲಿಂದ ಗಾಳ: ಯಾವ ರೀಲ್, ಎಷ್ಟು ದಪ್ಪ ದಾರ?

ಪ್ರಶ್ನೆ (ಬಾಗಲಕೋಟೆ): ಆಲಮಟ್ಟಿ ಹಿನ್ನೀರಿಗೆ 4000 ಸೈಜಿನ ರೀಲ್ (ಗಾಳದ ದಾರ ಸುತ್ತೋ ಗಾಲಿ) ಸಾಕಾಗ್ತದ. ಈಗ ಸಮುದ್ರದಾಗಿನ ರಿಗ್ (ತೈಲ ಬಾವಿ ಕೊರೆಯೋ ಕಟ್ಟೆ) ಕೆಲಸಕ್ಕ ಹೊಂಟೀನಿ. ಸುರಮಾಯಿ, ಟ್ಯೂನಾ ಮೀನ ಹಿಡಿಯಾಕ ಏನು ಒಯ್ಯಬೇಕ್ರೀ?

ಉತ್ತರ (ವಿಜಯಪುರ): ಮೊದಲ ಪರವಾನಗಿ ಕೇಳ್ರಿ, ಭಾಳ ಕಡೆ ಗಾಳ ಹಾಕಾಕ ಬಿಡೂದಿಲ್ಲ. ಬಿಟ್ರ 10000 ಸೈಜಿನ ರೀಲ್, 50 ಪೌಂಡ್ (ಸುಮಾರು 23 ಕೆಜಿ) ಎಳೆತ ತಡಿಯೋ ಹೆಣೆದ ದಾರ 300 ಮೀಟರ್, ತುದಿಗೆ 80 ಪೌಂಡಿನ ಲೀಡರ್ (ಗಾಳಕ್ಕ ಕಟ್ಟೋ ಗಟ್ಟಿ ತುಂಡು ದಾರ) 2 ಮೀಟರ್. ಡ್ರ್ಯಾಗ್ (ಮೀನ ಜಗ್ಗಿದಾಗ ದಾರ ಬಿಡೋ ರೀಲಿನ ಬ್ರೇಕ್) ಸ್ಪ್ರಿಂಗ್ ತಕ್ಕಡಿ ಹಚ್ಚಿ 7 ಕೆಜಿಗೆ ಇಡ್ರಿ, ದಾರದ ತಾಕತ್ತಿನ ಮೂರನೇ ಒಂದು ಪಾಲು. ಅದಕ್ಕಿಂತ ಬಿಗಿದ್ರ ಗಂಟಿನಾಗ ಹರೀತದ.

ಉತ್ತರ (ಬೆಳಗಾವಿ): ಸುರಮಾಯಿ ಹಲ್ಲು ಬ್ಲೇಡಿನಂಗ, ಗಾಳದ ಹಿಂದ ಒಂದು ಗೇಣು ಸ್ಟೀಲ್ ತಂತಿ ಬೇಕೇ ಬೇಕು. ಟ್ಯೂನಾಕ್ಕ ತಂತಿ ಬ್ಯಾಡ, ಕಂಡ್ರ ದೂರ ಸರೀತದ. ಡೆಕ್ ಎತ್ತರ ಇರ್ತದ. ದಾರದಿಂದ ಮೀನ ಎತ್ತಬ್ಯಾಡ್ರಿ, ಹಗ್ಗಕ್ಕ ಕಟ್ಟಿದ ಬಲೆ ಇಳಿಸ್ರಿ.

ಉತ್ತರ (ಬಾಗಲಕೋಟೆ): ರೀಲ್ ದಿನಾ ಸಿಹಿನೀರಿನಾಗ ಮೆಲ್ಲಕ ತೊಳೀರಿ. ಜೋರಾಗಿ ಪೈಪ್ ಹಿಡದ್ರ ಉಪ್ಪು ಬೇರಿಂಗಿನೊಳಗ ಹೋಗ್ತದ.